ಎರಡನೆಯ ಮತ್ತು ನಾಲ್ಕನೆಯ ಶನಿವಾರ

(ಸಂಘದ ಅಕ್ಟೋಬರ್ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ಕಳೆದ ತಿಂಗಳು ಬ್ಯಾಂಕಿನ ಕೌಂಟರಿಗೇ ಬಂದು, "ನೀವು ಶನಿವಾರ ಶನಿವಾರ ಬಡಮಕ್ಕಳಿಗೆ ನಾಟಕ ಕಲಿಸುತ್ತೀರಂತೆ, ಅದರ ಮೇಲೆ ಅರ್ಧ ಗಂಟೆ ಮಾತನಾಡಿ" ಎಂದು ಅಪ್ಪಣೆ ಮಾಡಿದರು. ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಅವರ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ನಾವು ಕಲಿಸುವವರಲ್ಲ, ನಾವು ಓದಿದ್ದು ಬಿ.ಕಾಂ., ಮಾಡುವುದು ಗುಮಾಸ್ತೆಗಿರಿ. ಇನ್ನು 'ಶನಿವಾರ ಶನಿವಾರ' ಎಂಬುದೂ ನಿಜವಲ್ಲ. ಈ ಎರಡನೆಯ ತಪ್ಪಿನ ಕಥೆಯನ್ನೇ ಈ ಹೊತ್ತು ಹೇಳಬೇಕಾಗಿದೆ.

ಅದಕ್ಕೆ ಮುಂಚೆ 'ನಾವು' ಎಂಬ ಮಾತಿಗೆ ಸ್ವಲ್ಪ ವಿವರಣೆ ಕೊಟ್ಟುಬಿಡುತ್ತೇವೆ. ಬ್ಯಾಂಕಿನ ಕಾಗದಗಳಲ್ಲಿ 'ನಾವು ವಿಷಾದಿಸುತ್ತೇವೆ' ಎಂದು ಬರೆದು ಬರೆದು ನಮಗೆ ಏಕವಚನ ಮರೆತೇಹೋಗಿದೆ. ಇಲ್ಲಿ ನಾವೆಂದರೆ ನಮ್ಮ ಶಾಖೆಯ ಮೂವರು ಗುಮಾಸ್ತರು, ಜೊತೆಗೆ ನಮ್ಮ ಮನೆಯವಳು. ಗುಮಾಸ್ತರಲ್ಲಿ ಇಬ್ಬರು ಮಲಯಾಳಿಗಳು. ಒಳ್ಳೆಯದೇನಾದರೂ ನಡೆದಿದ್ದರೆ ಅದು ನಾಲ್ವರಿಗೂ ಸೇರಿದ್ದು. ತಪ್ಪು ಬಂದ ಕಡೆಯಲ್ಲಿ ಮಾತ್ರ ನಾವೆಂದರೆ ತಮ್ಮ ಮುಂದೆ ನಿಂತಿರುವ ಈ ಒಬ್ಬ ಆಸಾಮಿ ಎಂದು ತಿಳಿಯಬೇಕು.

ಕಳಮಶ್ಶೇರಿಗೆ ಕನ್ನಡಿಗರು ಹೊಸಬರಲ್ಲ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆ 1960ರ ದಶಕದಲ್ಲಿ ಇಲ್ಲಿ ತನ್ನ ಘಟಕವನ್ನು ತೆರೆಯಿತು. ಇಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಆ ದಾರಿಯಲ್ಲಿ ಬಂದವರೇ. ಅವರಿಗೆ ವಸತಿಗೃಹವಿತ್ತು, ಭವಿಷ್ಯನಿಧಿಯಿತ್ತು, ಮಕ್ಕಳಿಗೆ ಶಾಲೆಯಿತ್ತು. ಈಗ ಬರುತ್ತಿರುವವರು ಬೇರೆ ಬಗೆಯವರು. ಒಡಿಶಾ, ಬಂಗಾಳ, ಅಸ್ಸಾಂ, ಬಿಹಾರಗಳಿಂದ ಬಂದು ಕಟ್ಟಡ ಕಟ್ಟುವವರು, ರಸ್ತೆ ಅಗೆಯುವವರು, ಪ್ಲೈವುಡ್ ಕಾರ್ಖಾನೆಗಳಲ್ಲಿ ದುಡಿಯುವವರು. ಅವರ ನಡುವೆ ಅಲ್ಲೊಂದು ಇಲ್ಲೊಂದು ರಾಯಚೂರು, ಕೊಪ್ಪಳದ ಕಡೆಯ ಸಂಸಾರ. ಇವರು ನಮ್ಮ ಸಂಘದ ಸದಸ್ಯರಲ್ಲ. ಚಂದಾ ಕೇಳಲು ನಾವು ಅವರ ಮನೆಗೆ ಹೋದದ್ದೂ ಇಲ್ಲ.

ಈ ಸಂಸಾರಗಳ ಮಕ್ಕಳಿಗಾಗಿ ರೈಲುದಾರಿಯ ಆಚೆ, ಒಂದು ಹಳೆಯ ಮನೆಯ ಜಗಲಿಯಲ್ಲಿ, ನಿವೃತ್ತ ಚಿತ್ರಕಲಾ ಉಪಾಧ್ಯಾಯರೊಬ್ಬರು ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಒಂದು ಕಲಾಶಾಲೆ ನಡೆಸುತ್ತಾರೆ. ಫಲಕವಿಲ್ಲ, ಶುಲ್ಕವಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಅದನ್ನು ಇಟ್ಟವರು ನಾವು. ಗುಮಾಸ್ತ ಎಲ್ಲಿಗೆ ಹೋದರೂ ಮೊದಲು ಒಂದು ಗೆರೆಯೆಳೆದ ಪುಸ್ತಕ ತೆರೆಯುತ್ತಾನೆ. ಎಲ್ಲರೂ ಅವರನ್ನು 'ಮಾಷ್' ಎನ್ನುತ್ತಾರೆ, ನಾವೂ ಹಾಗೆಯೇ ಎನ್ನೋಣ. ನಾವು ಅಲ್ಲಿಗೆ ಹೋದದ್ದು ಕಲಾಭಿಮಾನದಿಂದಲೂ ಅಲ್ಲ. ಬ್ಯಾಂಕಿನ ಗೋಡೆ ಕ್ಯಾಲೆಂಡರುಗಳು ವರ್ಷದ ಕೊನೆಗೆ ಉಳಿದುಹೋಗುತ್ತವೆ. ಹಿಂಬದಿ ಖಾಲಿ, ಕಾಗದ ದಪ್ಪ. ಮಕ್ಕಳು ಚಿತ್ರ ಬರೆಯಲು ಬೇಕೆಂದು ಮಾಷ್ ಬಂದು ಕೇಳಿದರು. ಕಟ್ಟು ಹೊತ್ತು ಕೊಡಲು ಹೋದವರನ್ನು ಅವರು ಕೂರಿಸಿಕೊಂಡು, ಪಳಂಪೊರಿ ತಿನ್ನಿಸಿ, "ನಿಮಗೆ ಏನು ಬರುತ್ತದೆ?" ಎಂದು ಕೇಳಿದರು. ಏನೂ ಬರುವುದಿಲ್ಲವೆಂದೆವು. ಮನೆಯವಳು ಮಧ್ಯೆ ಬಾಯಿ ಹಾಕಿ, "ಅಲ್ಲ ಮಾರಾಯ್ರೆ, ನೀವು ಊರಲ್ಲಿ ಆಟಕ್ಕೆ ತಾಳ ಹಾಕುತ್ತಿರಲಿಲ್ಲವೇ?" ಎಂದುಬಿಟ್ಟಳು.

ನಮ್ಮ ಊರು ಪುತ್ತೂರಿನ ಕಡೆ. ಶಾಲೆಯ ದಿನಗಳಲ್ಲಿ ಯಕ್ಷಗಾನದ ಹಿಮ್ಮೇಳದಲ್ಲಿ ಚಕ್ರತಾಳ ಹಿಡಿದು ಕುಳಿತದ್ದುಂಟು. ಭಾಗವತರ ಕಣ್ಣು ನೋಡಿ ಬಡಿಯುವುದಷ್ಟೇ ನಮ್ಮ ವಿದ್ಯೆ. ಪುತ್ತೂರೆಂದ ಮೇಲೆ ಕಾರಂತರ ಬಾಲವನವನ್ನು ನೆನೆಯದಿರಲಾಗದು. ಮಗುವಿಗೆ ಆಟ, ಕುಣಿತ, ನಾಟಕಗಳ ಮೂಲಕವೇ ಕಲಿಕೆ ಎಂದು 1930ರ ದಶಕದಲ್ಲೇ ಅಲ್ಲಿ ಪ್ರಯೋಗ ಮಾಡಿದವರು ಅವರು. ನಾವು ಆ ಗೇಟಿನ ಮುಂದೆ ಎಷ್ಟೋ ಸಲ ಸೈಕಲ್ ತುಳಿದವರು. ಅದರ ಅರ್ಥ ಹೊಳೆದದ್ದು ಮಾತ್ರ ಕಳಮಶ್ಶೇರಿಯಲ್ಲಿ.

ಊರಿನಿಂದ ಚಕ್ರತಾಳ ತರಿಸಿದೆವು. ಇಪ್ಪತ್ತಮೂರು ಮಕ್ಕಳು, ಆರು ಭಾಷೆಗಳು. ಮಾಷ್ ಮಲಯಾಳದಲ್ಲಿ ಹೇಳಿದ್ದನ್ನು ಮಲಯಾಳ ಶಾಲೆಗೆ ಹೋಗುವ ಮಗು ಹಿಂದಿಗೆ ತಿರುಗಿಸಬೇಕು, ಅದನ್ನು ಇನ್ನೊಂದು ಬಂಗಾಳಿಗೆ ತಿರುಗಿಸಬೇಕು. ಕೊನೆಯ ಮಗುವಿಗೆ ತಲುಪುವಷ್ಟರಲ್ಲಿ 'ಕುಳಿತುಕೊಳ್ಳಿ' ಎಂಬುದು 'ಮನೆಗೆ ಹೋಗಿ' ಎಂದಾಗಿ ಒಬ್ಬ ಹುಡುಗ ಎದ್ದು ಹೋದದ್ದೂ ಉಂಟು. ತಾಳಕ್ಕೆ ಈ ತಾಪತ್ರಯವಿಲ್ಲ. ಏಕತಾಳ ಹತ್ತು ನಿಮಿಷದಲ್ಲಿ ಎಲ್ಲರ ಕಾಲಿಗೂ ಇಳಿಯಿತು. ಝಂಪೆ ಮಾತ್ರ ಇನ್ನೂ ಇಳಿದಿಲ್ಲ. ನಿಜ ಹೇಳಬೇಕೆಂದರೆ ನಮಗೇ ಒಮ್ಮೊಮ್ಮೆ ತಪ್ಪುತ್ತದೆ.

ಆ ಮಕ್ಕಳಲ್ಲಿ ಕೊಪ್ಪಳದ ಕಡೆಯ ಹುಡುಗಿಯೊಬ್ಬಳಿದ್ದಳು, ಒಂಬತ್ತು ವರ್ಷದವಳು. ಹಾಜರಿ ಪುಸ್ತಕದಲ್ಲಿ ಕನ್ನಡದ ಹೆಸರು ಕಂಡು ನಾವು ಉತ್ಸಾಹದಿಂದ ಹತ್ತಿರ ಹೋಗಿ ಕನ್ನಡದಲ್ಲಿ ಮಾತನಾಡಿಸಿದೆವು. ಅವಳು ಬಹಳ ಹೊತ್ತು ನಮ್ಮ ಬಾಯಿಯನ್ನೇ ನೋಡಿದಳು. ಆಮೇಲೆ, "ಸರ, ನಿಮ್ಮದು ಯಾವ ಭಾಷಾರೀ?" ಎಂದಳು. ಕನ್ನಡವೆಂದೆವು. "ಪುಸ್ತಕದಾಗಿನ ಕನ್ನಡ ಏನ್ರೀ?" ಎಂದು ಕೇಳಿ, ಪಾಪ, ಒಪ್ಪಿಕೊಂಡಳು. ರಾಜ್ಯೋತ್ಸವಗಳಲ್ಲಿ ಕನ್ನಡದ ಏಕತೆಯ ಮೇಲೆ ಎಷ್ಟೋ ಭಾಷಣ ಕೇಳಿದ್ದೇವೆ. ಇಷ್ಟು ಚಿಕ್ಕ ಭಾಷಣವನ್ನು ಕೇಳಿರಲಿಲ್ಲ.

ನಾಟಕಕ್ಕೆ ಕಥೆ ಆರಿಸಿದವಳೂ ಅವಳೇ. ಗೋವಿನ ಹಾಡಿನ ಕಥೆ ಅವಳಿಗೆ ತಾಯಿಯ ಬಾಯಿಂದ ಬಂದಿತ್ತು. ಹುಲಿಗೆ ಸಿಕ್ಕಿದ ಆಕಳು, ಕರುವಿಗೆ ಹಾಲೂಡಿಸಿ ತಿರುಗಿ ಬರುತ್ತೇನೆಂದು ಮಾತು ಕೊಟ್ಟು, ಹೋಗಿ, ಮಾತಿನಂತೆ ಬಂದು ನಿಲ್ಲುವ ಕಥೆ. ಭಾಷೆಗಳ ಗೊಂದಲವಿದ್ದುದರಿಂದ ಮಾತಿಲ್ಲದೆ ಕುಣಿತದಲ್ಲೇ ಆಡಿಸೋಣವೆಂದು ಮಾಷ್ ನಿಶ್ಚಯಿಸಿದರು. ಅವಳು ಆಕಳು. ಬಂಗಾಳದಿಂದ ಬಂದವನು ಎಂಬ ಒಂದೇ ಕಾರಣಕ್ಕೆ ಮುರ್ಷಿದಾಬಾದಿನ ಒಬ್ಬ ಹುಡುಗ ಹುಲಿಯಾದ. ಹಳೆಯ ವೃತ್ತಪತ್ರಿಕೆಯನ್ನು ಮೈದಾ ಅಂಟಿನಲ್ಲಿ ನೆನೆಸಿ ಮುಖವಾಡ. ಹಗ್ಗಕ್ಕೆ ಹಳದಿ ಬಟ್ಟೆ ಸುತ್ತಿ ಬಾಲ.

ಕೊನೆಯ ದೃಶ್ಯದಲ್ಲಿ ಗಲಾಟೆಯಾಯಿತು. ಕಥೆಯ ಪ್ರಕಾರ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡಬೇಕು. ಬಂಗಾಳದ ಹುಡುಗ ಸುತರಾಂ ಒಪ್ಪಲಿಲ್ಲ. ತನಗೆ ಹಸಿವಾಗಿತ್ತು, ಹಸಿದದ್ದು ತನ್ನ ತಪ್ಪೇ ಎಂದು ಅವನ ವಾದ. ಹುಲಿ ಸಾಯದಿದ್ದರೆ ಕಥೆ ಸುಳ್ಳಾಗುತ್ತದೆಂದು ಹುಡುಗಿಯ ವಾದ. ಹಿಂದಿ, ಬಂಗಾಳಿ, ಕೊಪ್ಪಳದ ಕನ್ನಡಗಳಲ್ಲಿ ನಡೆದ ಈ ವ್ಯಾಜ್ಯವನ್ನು ಮಾಷ್ ಅರ್ಧ ಗಂಟೆ ತುಟಿ ಬಿಚ್ಚದೆ ಕೇಳಿದರು. ಕಡೆಗೆ ಹುಲಿ ಊರಿಗೆ ರೈಲು ಹತ್ತಿ ಹೋಗುವುದೆಂದು ಮಕ್ಕಳೇ ರಾಜಿ ಮಾಡಿಕೊಂಡರು. ಪಂಡಿತರು ಕ್ಷಮಿಸಬೇಕು. ನಮ್ಮ ನಾಟಕದಲ್ಲಿ ಹುಲಿ ಸಾಯುವುದಿಲ್ಲ. ಆಲುವಾ ಸ್ಟೇಷನ್ನಿಗೆ ಹೋಗುತ್ತದೆ.

ಇಂಥ ಕೆಲಸಕ್ಕೆ ಕೈಹಾಕಿದವರಲ್ಲಿ ನಾವೇ ಮೊದಲಿಗರೆಂದು ತಾವು ಭಾವಿಸಕೂಡದು. ನಮ್ಮ ಎರ್ನಾಕುಳಂ ಜಿಲ್ಲಾಡಳಿತವೇ 2017ರಲ್ಲಿ ಬಿನಾನಿಪುರದ ಸರಕಾರಿ ಶಾಲೆಯಲ್ಲಿ 'ರೋಶ್ನಿ' ಎಂಬ ಯೋಜನೆ ಆರಂಭಿಸಿ, ವಲಸೆ ಕಾರ್ಮಿಕರ ಮಕ್ಕಳಿಗೆ ಬೆಳಗ್ಗೆ ತರಗತಿಗೆ ಮುಂಚೆ ತಿಂಡಿ ಕೊಟ್ಟು, ಅವರದೇ ಭಾಷೆ ಬಲ್ಲವರಿಂದ ಪಾಠ ಹೇಳಿಸಿತು. ಅದು ಅಕ್ಷರದ ಮಾತಾಯಿತು. ಕಲೆಯ ವಿಷಯದಲ್ಲಿ ಬಡಮಕ್ಕಳಿಗೆ ಬಾಗಿಲು ಇನ್ನೂ ಕಿರಿದು. ಕೇರಳದ ಶಾಲಾ ಕಲೋತ್ಸವವನ್ನು ತಾವೆಲ್ಲ ಬಲ್ಲಿರಿ. ನಮ್ಮ ಮತ್ತು ಇವರ ರಾಜ್ಯಗಳೆರಡೂ 1956ರ ನವೆಂಬರ್ 1ರಂದೇ ಹುಟ್ಟಿದವು. ಮೂರು ತಿಂಗಳೊಳಗೆ, 1957ರ ಜನವರಿಯಲ್ಲಿ, ಇದೇ ಎರ್ನಾಕುಳಂನಲ್ಲಿ ಮೊದಲ ಕಲೋತ್ಸವ ನಡೆಯಿತು. ಅದರಲ್ಲಿ ಕನ್ನಡ ಪದ್ಯವಾಚನಕ್ಕೂ ಯಕ್ಷಗಾನಕ್ಕೂ ಸ್ಥಾನವಿದೆ ಎಂಬುದು ನಮಗೆ ಹೆಮ್ಮೆ. ಆದರೆ ಬ್ಯಾಂಕಿನ ಕೌಂಟರಿನಿಂದ ಕಾಣುವ ಕಲೋತ್ಸವವೇ ಬೇರೆ. ಮಗಳ ಕೂಚಿಪುಡಿಯ ಉಡುಪಿಗೂ ಬಣ್ಣಗಾರಿಕೆಗೂ ಹಣ ಸಾಲದೆ ಬಳೆ ಅಡವಿಡಲು ಬಂದ ತಾಯಂದಿರ ಚಿನ್ನವನ್ನು ನಾವೇ ತೂಕಕ್ಕೆ ಕಳಿಸಿದ್ದೇವೆ. ಬಳೆಯೇ ಇಲ್ಲದವರು ಕೌಂಟರಿಗೆ ಬರುವುದಿಲ್ಲ. ಅವರ ಮಕ್ಕಳು ವೇದಿಕೆಗೂ ಬರುವುದಿಲ್ಲ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ಮೊದಲ ಬಾರಿಗೆ ಐದು ಆದಿವಾಸಿ ಕಲೆಗಳನ್ನು ಸೇರಿಸಿದರು. ಅದರಲ್ಲಿ ಮಂಗಲಂಕಳಿಯೂ ಒಂದು. ಅದು ಕಾಸರಗೋಡಿನ ಕಡೆಯ ಮಾವಿಲರ, ಮಲವೇಟ್ಟುವರ ಕುಣಿತ. ಮಾವಿಲರ ಮನೆಮಾತು ತುಳು. ಅರುವತ್ತೆಂಟು ವರ್ಷ ತಡವಾಯಿತು, ಬಂತಲ್ಲ ಎನ್ನಬೇಕು.

ಬಾಗಿಲು ತೆರೆದ ಮೇಲೂ ಗೋಡೆ ಇರುತ್ತದೆ ಎಂಬುದಕ್ಕೆ ಕಲಾಮಂಡಲಂ ಹೈದರಾಲಿಯವರ ಕಥೆ ಸಾಕ್ಷಿ. ಬಡ ಮುಸ್ಲಿಂ ಮನೆಯ ಹುಡುಗ 1957ರಲ್ಲಿ ಕಲಾಮಂಡಲಕ್ಕೆ ಸೇರಿ ಕಥಕಳಿಯ ಹಾಡುಗಾರನಾದ. ಕಂಠ ಎಲ್ಲರಿಗೂ ಬೇಕು, ಕಂಠವಿದ್ದ ಮನುಷ್ಯನಿಗೆ ದೇವಸ್ಥಾನದೊಳಗೆ ಪ್ರವೇಶವಿಲ್ಲ. ಹರಿಪ್ಪಾಡಿನ ಕಡೆಯ ಒಂದು ದೇವಸ್ಥಾನದಲ್ಲಿ ಆವರಣದ ಗೋಡೆಯನ್ನು ಒಡೆದು ರಂಗವನ್ನು ಹೊರಗಿನವರೆಗೆ ಚಾಚಿ, ಅವರು ಹೊರಗೆ ನಿಂತು ಹಾಡಿದರು, ನಟರು ಒಳಗೆ ಕುಣಿದರು. ಅವರು 2006ರಲ್ಲಿ ತೀರಿಕೊಂಡರು. ಆ ಒಡೆದ ಗೋಡೆಯನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ಎಂದು ನಮ್ಮ ಶಾಖೆಯ ಊಟದ ಕೋಣೆಯಲ್ಲಿ ಒಮ್ಮೆ ಜಗಳವೇ ಆಯಿತು. ಇನ್ನೂ ತೀರ್ಮಾನವಾಗಿಲ್ಲ.

ನಮ್ಮನ್ನು ಹೆಚ್ಚು ಕಾಡಿದ ಉದಾಹರಣೆ ವಯನಾಡಿನ 'ಕನವು'. ಕನವು ಎಂದರೆ ಕನಸು. ಕಣ್ಣೂರಿನ ಕಡೆಯಲ್ಲಿ ಹುಟ್ಟಿ, 1973ರಲ್ಲಿ ವಯನಾಡಿಗೆ ಬಂದು ನೆಲೆಸಿದ ಕೆ.ಜೆ. ಬೇಬಿಯವರು ಅಲ್ಲಿನ ಅಡಿಯರ ಹಾಡು, ಗದ್ದಿಕ ಎಂಬ ಆಚರಣೆಗಳನ್ನು ಕಲಿತು 'ನಾಡುಗದ್ದಿಕ' ಎಂಬ ನಾಟಕ ಬರೆದರು. ನಮ್ಮ ಕೊಡಗಿನಲ್ಲಿ ಯರವರೆಂದು ಕರೆಯಿಸಿಕೊಳ್ಳುವವರೇ ಗಡಿಯಾಚೆಯ ಈ ಅಡಿಯರು. ಆದಿವಾಸಿಗಳೇ ಆಡಿದ ಆ ನಾಟಕ ಕೇರಳವೆಲ್ಲ ತಿರುಗಿತು. 1981ರಲ್ಲಿ ತಂಡದವರನ್ನು ಪೊಲೀಸರು ಹಿಡಿದದ್ದೂ ಆಯಿತು. ಶಾಲೆ ಬಿಟ್ಟ ಆದಿವಾಸಿ ಮಕ್ಕಳಿಗಾಗಿ ಬೇಬಿ ದಂಪತಿಗಳು 1994ರಲ್ಲಿ ನಡವಯಲಿನಲ್ಲಿ ಕನವನ್ನು ತೆರೆದರು. ಪರೀಕ್ಷೆ ಇಲ್ಲ, ಪದವಿಪತ್ರ ಇಲ್ಲ. ಹಾಡು, ಕಳರಿಪಯಟ್ಟು, ನಾಟಕ, ಬೇಸಾಯ, ಓದು. ಮಕ್ಕಳು ಊರೂರಿಗೆ ಹೋಗಿ ಪ್ರದರ್ಶನ ಕೊಟ್ಟು ಶಾಲೆಯ ಖರ್ಚಿಗೆ ಸೇರಿಸುತ್ತಿದ್ದರು. ಕಾಟ್ಟುನಾಯಕರ ಭಾಷೆಯಲ್ಲಿ ಬೇಬಿ 'ಗುಡ' ಎಂಬ ಚಿತ್ರವನ್ನೂ ತೆಗೆದರು. ಆ ಭಾಷೆ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಕಿವಿಗೊಟ್ಟರೆ ನಮಗೆ ಅಲ್ಲಲ್ಲಿ ತಿಳಿಯುತ್ತದೆ. ಅಲ್ಲಿ ಬೆಳೆದ ಲೀಲಾ ಸಂತೋಷ್ ಮುಂದೆ ತಾವೇ ಚಿತ್ರ ನಿರ್ದೇಶಕಿಯಾದರು. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಸಂಸ್ಥೆಯನ್ನು ಅವರ ಕೈಗೇ ಒಪ್ಪಿಸಿ ಬೇಬಿ ಹಿಂದೆ ಸರಿದರು. 2024ರ ಸೆಪ್ಟೆಂಬರ್ 1ರಂದು ಅವರು ನಿಧನರಾದರು.

ಮತ್ತೊಂದನ್ನು ಕಣ್ಣಾರೆ ಕಂಡಿದ್ದೇವೆ. ಬ್ಯಾಂಕಿನ ತರಬೇತಿಗೆಂದು ತಿರುವನಂತಪುರಕ್ಕೆ ಹೋಗಿದ್ದಾಗ ಕಳಕೂಟ್ಟಂನ ಡಿಫರೆಂಟ್ ಆರ್ಟ್ ಸೆಂಟರಿಗೆ ಒಂದು ಮಧ್ಯಾಹ್ನ ಹೋದೆವು. ಜಾದೂಗಾರ ಗೋಪಿನಾಥ್ ಮುತುಕಾಡ್ ಅವರು ತಮ್ಮ ಮ್ಯಾಜಿಕ್ ಪ್ಲಾನೆಟ್‌ನಲ್ಲಿ 2019ರಲ್ಲಿ ಆರಂಭಿಸಿದ ಕೇಂದ್ರವಿದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಮುಂತಾದ ತೊಡಕುಗಳಿರುವ ಮಕ್ಕಳು ಅಲ್ಲಿ ಹಾಡು, ಕುಣಿತ, ವಾದ್ಯ, ಚಿತ್ರ, ಜಾದೂಗಳನ್ನು ಕಲಿತು ಬಂದವರ ಮುಂದೆ ಪ್ರದರ್ಶಿಸುತ್ತಾರೆ. ನಾವು ನೋಡಿದಾಗ ಒಂದು ಹಾಡು ಮುಗಿದರೂ ಡ್ರಮ್ ಬಾರಿಸುವ ಹುಡುಗ ನಿಲ್ಲಿಸಲಿಲ್ಲ. ಯಾರೂ ಅವನ ಕೈ ಹಿಡಿಯಲಿಲ್ಲ. ಅವನ ಲೆಕ್ಕ ಮುಗಿಯುವವರೆಗೆ ಎಲ್ಲರೂ ಕಾದರು. ಮುತುಕಾಡರು 2021ರಲ್ಲಿ ತಮ್ಮ ವೃತ್ತಿ ಜಾದೂ ಪ್ರದರ್ಶನಗಳನ್ನು ನಿಲ್ಲಿಸಿ, ಇನ್ನು ತಮ್ಮ ಹೊತ್ತು ಈ ಮಕ್ಕಳಿಗೇ ಎಂದು ಸಾರಿದರು. ಬೇಬಿಯವರನ್ನೂ ಇವರನ್ನೂ ಒಟ್ಟಿಗೆ ನೆನೆದಾಗ ನಮಗೆ ಹೊಳೆಯುವುದು ಒಂದೇ ಸಂಗತಿ: ಇಬ್ಬರೂ ರಜಾದಿನ ನೋಡಿಕೊಂಡು ಬಂದವರಲ್ಲ.

ಈಗ ನಮ್ಮ ರಜಾದಿನದ ಕಥೆಗೆ ಬರೋಣ.

2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಉಳಿದ ಶನಿವಾರಗಳಲ್ಲಿ ಪೂರ್ತಿ ಕೆಲಸ. ಆದ್ದರಿಂದ ನಮ್ಮ ಸೇವೆಯೂ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ಸೇವೆ. ಮಾಷ್‌ಗೆ ಇದು ಗೊತ್ತಿತ್ತು. ಮಕ್ಕಳಿಗೆ ಹೇಳಬೇಕೆಂದು ಯಾರಿಗೂ ತೋರಲಿಲ್ಲ. ನಾವು ಹೊರಡುವಾಗ ಪ್ರತಿ ಸಲವೂ "ಮುಂದಿನ ವಾರ ನೋಡೋಣ" ಎನ್ನುತ್ತಿದ್ದೆವು. ಬಾಯಿಗೆ ಬಂದ ಮಾತು, ಕೌಂಟರಿನಲ್ಲಿ "ನಾಳೆ ಬನ್ನಿ" ಎನ್ನುವಂತೆ. ಮಕ್ಕಳು ಅದನ್ನು ನಂಬುತ್ತಿದ್ದರು.

ಈ ವರ್ಷದ ಆಗಸ್ಟಿನಲ್ಲಿ ಐದು ಶನಿವಾರಗಳಿದ್ದವು. ಲೆಕ್ಕ ಬಲ್ಲವರಿಗೆ ತಿಳಿಯುತ್ತದೆ: ಅಂಥ ತಿಂಗಳಲ್ಲಿ ನಾಲ್ಕನೆಯ ಶನಿವಾರ ಬಿಟ್ಟರೆ ಮುಂದಿನ ರಜೆ ಎರಡು ವಾರಕ್ಕಲ್ಲ, ಮೂರು ವಾರಕ್ಕೆ. ಆಗಸ್ಟ್ 23ಕ್ಕೆ ಹೋದವರು ತಿರುಗಿ ಹೋದದ್ದು ಸೆಪ್ಟೆಂಬರ್ 13ಕ್ಕೆ. ನಡುವೆ ಓಣಂ ಬಂತು, ಮಲಯಾಳಿ ಮಿತ್ರರು ಊರಿಗೆ ಹೋದರು. ಮಾಷ್‌ಗೆ ಜ್ವರ ಬಂದು ಅವರೂ ಮಲಗಿದರು. ಹೊರಡುವ ಮುನ್ನ ಚಕ್ರತಾಳವನ್ನು ಆ ಹುಡುಗಿಯ ಕೈಗೆ ಕೊಟ್ಟು, ಮುಂದಿನ ವಾರದವರೆಗೆ ಜೋಪಾನವಾಗಿಡು ಎಂದಿದ್ದೆವು. ಎರಡು ಶನಿವಾರ ಅವಳು ಮೂರು ಗಂಟೆಗೆ ಬಂದು, ಬೀಗ ಹಾಕಿದ ಜಗಲಿಯ ಮೆಟ್ಟಲಲ್ಲಿ ತಾಳವನ್ನು ಮಡಿಲಲ್ಲಿಟ್ಟುಕೊಂಡು ಐದರವರೆಗೆ ಕುಳಿತಿದ್ದಳಂತೆ. ಎದುರು ಮನೆಯ ಚೇಚ್ಚಿ ಹೇಳಿದರು. ಮಳೆಯೂ ಇತ್ತಂತೆ.

ಹದಿಮೂರನೆಯ ತಾರೀಖು ನಮ್ಮನ್ನು ಕಂಡು ಅವಳು ಮುನಿಸು ತೋರಲಿಲ್ಲ. ತಾಳ ಕೊಟ್ಟಳು. ಅಭ್ಯಾಸ ಮುಗಿದ ಮೇಲೆ, ಬಾಲದ ಹಗ್ಗ ಸುತ್ತುತ್ತಾ, ಸುಮ್ಮನೆ ಸಂಶಯ ಕೇಳುವವಳ ಹಾಗೆ ಕೇಳಿದಳು: "ಸರ, ಆಕಳಾ ಹುಲಿಗೆ ಮಾತ ಕೊಟ್ಟು ಹೋಗಿ ತಿರುಗಿ ಬಂದಿತ್ತಲ್ರೀ. ನೀವ್ಯಾಕ ಬರ್ಲಿಲ್ರೀ?"

ನಾವು ಎರಡನೆಯ ಮತ್ತು ನಾಲ್ಕನೆಯ ಶನಿವಾರದ ನಿಯಮವನ್ನು ವಿವರಿಸಿದೆವು. ಐದು ಶನಿವಾರಗಳ ತಿಂಗಳ ಲೆಕ್ಕವನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆವು. ಅವಳು ಎಲ್ಲವನ್ನೂ ನೋಡಿ ತಲೆಯಾಡಿಸಿದಳು. "ಮೊದಲ ಹೇಳಿದ್ರ ನಾ ಬರ್ತಿದ್ದಿಲ್ಲರೀ" ಎಂದಳು. ಇಷ್ಟೇ ನಡೆದದ್ದು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಮ್ಮ ಮನೆಯವಳು ಆ ರಾತ್ರಿ ಊಟಕ್ಕೆ ಬಡಿಸುವಾಗ, "ಬ್ಯಾಂಕಿನಲ್ಲಿ ಗಿರಾಕಿಗಳಿಗಾದರೂ ಬಾಗಿಲ ಮೇಲೆ ಬೋರ್ಡು ಹಾಕುತ್ತೀರಿ" ಎಂದಳು.

ಸೆಪ್ಟೆಂಬರ್ 27ರಂದು ನಾವು ಹೋದಾಗ ಅವಳಿರಲಿಲ್ಲ. ಗುತ್ತಿಗೆದಾರ ಕೆಲಸ ಮುಗಿಯಿತೆಂದು ಅವರ ಕೂಟವನ್ನೆಲ್ಲ ಲಾರಿಯಲ್ಲಿ ಬೇರೆ ಕಡೆ ಸಾಗಿಸಿದ್ದ. ತ್ರಿಶ್ಶೂರಿನ ಆಚೆ ಎಂದು ಒಬ್ಬರು, ಕೊಯಮತ್ತೂರು ಎಂದು ಮತ್ತೊಬ್ಬರು. ದೂರವಾಣಿ ಸಂಖ್ಯೆಯನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಆ ಅಂಕಣವನ್ನು ಹಾಕುವುದೇ ಗುಮಾಸ್ತನಿಗೆ ಮರೆತಿತ್ತು. ಅವಳು ಹೋಗುವ ಮುನ್ನ ಹುಲಿಯ ಹುಡುಗನಿಗೆ ಆಕಳಿನ ಕುಣಿತವನ್ನು ಪೂರ್ತಿ ಹೇಳಿಕೊಟ್ಟು ಹೋಗಿದ್ದಾಳೆ. ಈಗ ಅಸ್ಸಾಮಿನ ಪುಟ್ಟ ಹುಡುಗಿಯೊಬ್ಬಳಿಗೆ ಅವನು ಅದನ್ನು ಕಲಿಸುತ್ತಿದ್ದಾನೆ. ಒಂದು ಹೆಜ್ಜೆ ತಪ್ಪಿದರೂ ಬಿಡುವುದಿಲ್ಲ.

ಅಂದಿನಿಂದ ಜಗಲಿಯ ಕಂಬಕ್ಕೆ ಬ್ಯಾಂಕಿನ ಒಂದು ಕ್ಯಾಲೆಂಡರು ತೂಗುಹಾಕಿದ್ದೇವೆ, ಈ ಸಲ ಚಿತ್ರ ಬರೆಯಲಿಕ್ಕಲ್ಲ. ನಾವು ಬರುವ ದಿನಗಳಿಗೆ ಕೆಂಪು ಗುರುತು. 'ಮುಂದಿನ ವಾರ' ಎಂಬ ಮಾತನ್ನು ಬಿಟ್ಟಿದ್ದೇವೆ, ತಾರೀಖು ಹೇಳುತ್ತೇವೆ. ಆದರೆ ಗುರುತಿಲ್ಲದ ಚೌಕಗಳು ಹಾಗೆಯೇ ಉಳಿದಿವೆ. ಮಾಷ್‌ಗೆ ವಯಸ್ಸಾಯಿತು, ಒಬ್ಬರೇ ಇಪ್ಪತ್ತೆರಡು ಮಕ್ಕಳನ್ನು ಹಿಡಿಯಲಾರರು.

ಈಗ ನಾವು ಈ ವೇದಿಕೆ ಹತ್ತಿದ ನಿಜವಾದ ಕಾರಣ. ಬರುವ ನವೆಂಬರಿನಲ್ಲಿ ಮತ್ತೆ ಐದು ಶನಿವಾರಗಳಿವೆ. ಮೊದಲನೆಯದೇ ನವೆಂಬರ್ 1: ರಾಜ್ಯೋತ್ಸವ, ಇವರಿಗೆ ಕೇರಳಪ್ಪಿರವಿ. ಊರಲ್ಲಿ ಅಂದು ಬ್ಯಾಂಕಿಗೆ ರಜೆ, ಇಲ್ಲಿ ಕೆಲಸ. 8 ಮತ್ತು 22 ನಮ್ಮವು. 1, 15, 29 ಈ ಮೂರು ದಿನ ಮೂರರಿಂದ ಐದರವರೆಗೆ ಜಗಲಿಯಲ್ಲಿ ಕುಳಿತಿರಲು ಯಾರಾದರೂ ಬೇಕು. ಹಾಡು ಬರಬೇಕೆಂದಿಲ್ಲ, ಚಿತ್ರ ಬರಬೇಕೆಂದಿಲ್ಲ, ಮಲಯಾಳವೂ ಬರಬೇಕೆಂದಿಲ್ಲ. ನಿವೃತ್ತರಾದ ಹಿರಿಯರಿಗೆ ಎಲ್ಲ ಶನಿವಾರಗಳೂ ರಜೆಯೇ ಅಲ್ಲವೇ? ನವೆಂಬರ್ 1ಕ್ಕೆ ಧ್ವಜಾರೋಹಣ ಬೆಳಗ್ಗೆಯೇ ಮುಗಿಯುತ್ತದೆಂದು ಕಾರ್ಯದರ್ಶಿಗಳನ್ನು ಕೇಳಿ ಖಚಿತ ಮಾಡಿಕೊಂಡಿದ್ದೇವೆ. ಹೆಸರು ಬರೆಯಿಸಲು ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇವೆ. ಈ ಸಲ ದೂರವಾಣಿಯ ಅಂಕಣವೂ ಇದೆ.

ಇನ್ನೊಂದು ಚಿಕ್ಕ ಬೇಡಿಕೆ. ಹುಲಿಯ ಬಾಲ ಕಿತ್ತುಬಂದಿದೆ. ಹೊಲಿಯಬಲ್ಲ ಮಹಿಳೆಯರಾಗಲಿ ಮಹನೀಯರಾಗಲಿ ಸಭೆ ಮುಗಿದ ಮೇಲೆ ದಯವಿಟ್ಟು ಕಾಣಬೇಕು, ಚೀಲದಲ್ಲಿ ತಂದಿದ್ದೇವೆ.